ಮೂರು ಹಸಿರು ಚುಕ್ಕಿ

"ಸೈಟು ಬಂತು" ಅಂದರು ಇವರು. ನಾನು
ಸದಾಶಿವಗಡದ ಕಡೆ ಮನೆಜಾಗ ಅಂದುಕೊಂಡೆ.
ದೀಪ ಆರಿಸಿ ಪಿಸ್ತೂಲು ತೋರಿಸಿದರು:
ಹಿಂದೆ ಎರಡು, ತುದಿಯಲ್ಲಿ ಒಂದು,
ಅಪ್ಪನ ರೇಡಿಯಂ ವಾಚಿನ ಮುಳ್ಳಿನಂಥ ಹಸಿರು.
"ಮೂರೂ ಸಾಲಿಗೆ ಬಂದರೆ ಗುರಿ ತಪ್ಪದು.
ಶೆಲ್ಲು ಬೇಡ, ಚಾರ್ಜು ಬೇಡ.
ಹನ್ನೆರಡು ವರ್ಷಕ್ಕೆ ಅರ್ಧ ಮಂಕಾಗುತ್ತದಂತೆ, ಅಷ್ಟೇ."
ನಮ್ಮ ಮದುವೆಗೆ ಆಗ ಹದಿಮೂರು. ನಕ್ಕೆ.

ಕೋಡಿಬಾಗದಲ್ಲಿ ಕರೆಂಟು ಹೋದ ರಾತ್ರಿ
ಕೆಳಗೆ, ಚಿನ್ನದಂಗಡಿಯ ಹಿಂದೆ, ಏನೋ ಉರುಳಿತು.
ಚುಕ್ಕಿಗಳು ಮಂಚದ ಪಕ್ಕದಿಂದ ಎದ್ದವು,
ಮೆಟ್ಟಿಲಿಳಿದವು. ಇವರ ಹೆಗಲ ಹಿಂದೆ ನಾನು.
ಮೂರೂ ಸಾಲಾದವು. ನಿಜ ಹೇಳಬೇಕು,
ಒಂದಿಷ್ಟೂ ಅಲುಗಲಿಲ್ಲ.
ಸಾಲಿನ ಆಚೆ ಇದ್ದದ್ದು
ಕಪ್ಪಿನೊಳಗೆ ಇನ್ನೊಂದು ಚೂರು ಕಪ್ಪು.
"ಯಾರದು?"
ಉತ್ತರವಿಲ್ಲ.
"ಯಾರು?"

ಮೇಣದಬತ್ತಿ ತಡಕಿದ ಕೈಗೆ ಸಿಕ್ಕಿದ್ದು
ಮೀನುಪೇಟೆಯಲ್ಲಿ ಕೊಂಡ ನಲವತ್ತು ರೂಪಾಯಿಯ ಬ್ಯಾಟರಿ.
ಒತ್ತಿದೆ.

ನಿಮಾಯ್. ಬಂಗಾಳದಿಂದ ಬಂದ ಕುಸುರಿಯ ಹುಡುಗ,
ಕೈಯಲ್ಲಿ ತಂಬಿಗೆ, ಕಾಲಬಳಿ ಬಕೆಟ್ಟು,
ಹಲ್ಲುನೋವಿಗೆಂದು ಬಾಯ್ತುಂಬ ಉಪ್ಪುನೀರು.
ಉಗುಳಲು ಹೆದರಿ ನಿಂತಿದ್ದ.
ಯಾರೂ ಏನೂ ಅನ್ನಲಿಲ್ಲ.
ಕೊನೆಗೆ ಅವನೇ ನುಂಗಿದ.

ಚುಕ್ಕಿಗಳ ಮೇಲೆ ನನಗೆ ದೂರಿಲ್ಲ.
ಕತ್ತಲೆಯಲ್ಲಿ ಪಿಸ್ತೂಲು ಎಲ್ಲಿದೆಯೆಂದು
ಚೆನ್ನಾಗಿ ಹೇಳುತ್ತವೆ.
ಪಕ್ಕದಲ್ಲಿ ಈಗ ಬ್ಯಾಟರಿಯೂ ಇದೆ,
ಅದರ ಶೆಲ್ಲು ನಾನೇ ಬದಲಿಸುತ್ತೇನೆ, ಸಂಕಷ್ಟಿಗೊಮ್ಮೆ,
ಮರೆಯಬಾರದೆಂದು.
ನಿಮಾಯ್ ರಾತ್ರಿ ನೀರಿಗೆ ಬರುವಾಗ
ಗೇಟಿನಿಂದಲೇ ಕೆಮ್ಮುತ್ತಾನೆ,
ಕರೆಂಟು ಇದ್ದರೂ.