ಸಂಬಂಧ

ಸೊಲ್ಲಾಪುರದ ದವಾಖಾನಿ, ಹದಿನಾಲ್ಕನೇ ಖೋಲಿ.
ಡಾಕ್ಟರು ಮರಾಠಿಯೊಳಗ ಹೇಳ್ತಾರ,
ನಾ ಕನ್ನಡಕ್ಕ ದಾಟಸ್ತೀನಿ.
ಅದಕ್ಕ ಪಗಾರಿಲ್ಲ. ಪಗಾರ ಫರಸಿ ಒರಸೋದಕ್ಕ.

ಮೈಂದರ್ಗಿಯ ಭೌರವ್ವ ಕುಂತಾಳ.
ನಲವತ್ತು ವರ್ಷ ಮಿಶ್ರಿ ತಿಕ್ಕಿದ ಒಸಡು,
ಸುಟ್ಟ ತಂಬಾಕಿನ ಬಣ್ಣ.
ಗಂಟು ಮಾತ್ರ ಬಾಯಾಗಿಲ್ಲ,
ಕೆಳಗ, ದೊಡ್ಡ ಕರುಳಿನಾಗ.

ಅದರ ಚೂರು ತಗದು ನೋಡಿದ್ರ
ಒಸಡಿನ ಸಂದ್ಯಾಗಿರೋ ಜೀವಾಣು ಅಲ್ಲಿ ಸಿಕ್ಕಾವಂತ.
ಜೀವಾಣು ಅಂದೆ. ತಿಳೀಲಿಲ್ಲ.
ಹುಳ ಅಂದೆ. ಹೌಹಾರಿ ಸೆರಗು ಬಾಯಿಗಿ ಹಿಡದಳು.
ಅಲ್ಲಬೇ ಯವ್ವಾ, ಕಣ್ಣಿಗಿ ಕಾಣದಷ್ಟು ಸಣ್ಣವು,
ಹಲ್ಲಿನ ಬುಡದಾಗ ಬಾಡಗಿ ಕೊಡಲಾರದ ಇರ್ತಾವು.

"ಮತ್ತ ನಾಕಾ ದಾಟಿ ಅಲ್ಲೀತನಕ ಹೆಂಗ ಹೋದವು?"
ಉಗುಳಿನಾಗೋ, ರಕ್ತದಾಗೋ.
ಡಾಕ್ಟರಿಗೂ ಪೂರಾ ಗೊತ್ತಿಲ್ಲ.
'ಸಂಬಂಧ ಆಹೆ' ಅಂದರು. 'ಕಾರಣ' ಅನ್ನಲಿಲ್ಲ.
ಎರಡೂ ಶಬ್ದ ನಮ್ಮವೂ ಹೌದು,
ದಾಟಿಸೋ ಕೆಲಸಿಲ್ಲಂತ ಹಗುರಾದೆ.

ಭೌರವ್ವ ನಕ್ಕಳು, ಕರೀ ಒಸಡು ಪೂರಾ ಕಾಣೂಹಂಗ:
"ಸಂಬಂಧ ಅಂದ್ರ ಯಾರರೆ ಕೂಡಿಸಿರಬೇಕಲ್ಲ?
ನನ್ನ ಕೇಳಾಕ ಯಾರ ಬಂದಿದ್ರು?"

ಡಾಕ್ಟರು ನನ್ನ ಮಾರಿ ನೋಡಿದರು. ಏನಂತಾಳ?
ಆಪರೇಶನ್ ಯಾವಾಗ ಅಂತ ಕೇಳ್ತಾಳ್ರಿ,
ಅಂದೆ.

ಮರುದಿನ ಫರಸಿ ಒರಸೂ ಮುಂದ
ಬಾಕಿನ ಕೆಳಗ ಮಿಶ್ರಿ ಡಬ್ಬಿ.
ಮರತು ಹೋದಳೋ, ಬಿಟ್ಟು ಹೋದಳೋ.
ಕಿವಿಹಂತೇಕ ಹಿಡದು ಅಲ್ಲಾಡಿಸಿದೆ:
ಇನ್ನೂ ಅರ್ಧ ಇತ್ತು.