ಬದಲಿ ಕುದುರೆ

ಆಟ್-ಬಾಶಿ.
ಊರ ಹೆಸರಿಗೇ ಕುದುರೆತಲೆ ಎಂದರ್ಥ.
ನಾನು ಬಂದದ್ದು ಮಾತ್ರ ವ್ಯಾನಿನಲ್ಲಿ,
ತೊಡೆಯ ಮೇಲೆ ರೌಟರಿನ ಡಬ್ಬ,
ಜೇಬಿನಲ್ಲಿ ಒಂದು ಸಿಮ್ಮು, ಒಂದು ಹಿಡಿ ಒಣ ಏಪ್ರಿಕಾಟು.

ದವಾಖಾನೆಗೆ ಮೂರು ಕೋಣೆ, ಒಂದು ಒಲೆ,
ಇಪ್ಪತ್ತೊಂದು ವರ್ಷದಿಂದ ಒಬ್ಬಳೇ ಸೂಲಗಿತ್ತಿ:
ಜೂರಾಕಾನ್.

ಹೋದ ತಿಂಗಳು ತೊಕ್ತೊಸುನನ ಜೆಸಿಬಿ
ಕಾಲುವೆ ತೋಡುತ್ತ ಫೈಬರಿಗೆ ಹಲ್ಲು ಹಾಕಿದಾಗ
ತೆರೆಯ ಮೇಲಿದ್ದ ನರಿನಿನ ಡಾಕ್ಟರು
ಅರ್ಧ ತೆರೆದ ಬಾಯಲ್ಲೇ ನಿಂತುಬಿಟ್ಟರಂತೆ.
‘ಎಡಕ್ಕೆ’ ಎಂದಿದ್ದರು.
ಎಡಕ್ಕೆ ಏನು? ತಾಯಿಯನ್ನೋ, ಕೂಸನ್ನೋ?
ಹೊರಳಿಸಬೇಕೋ, ಹೊರಳಿಸಲೇಬಾರದೋ?
ಅವಳು ಹೊರಳಿಸಿದಳು.
ಕೂಸು ಚೆನ್ನಾಗಿದೆ. ಅದರ ಹೆಸರೂ ಹೇಳಿದಳು.
ನಿದ್ದೆಯಲ್ಲಿ ಬರುವುದು ಆ ಬಾಯಿ.

‘ಆಗಲೂ ಇದು ಹಸಿರಾಗೇ ಉರೀತಿತ್ತು’
ಎಂದು ದೀಪದ ಮೇಲೆ ಬೆರಳಿಟ್ಟಳು,
ಸುಳ್ಳು ಸಾಕ್ಷಿಯನ್ನು ತೋರಿಸುವಂತೆ.

ದೀಪಕ್ಕೆ ಗೊತ್ತಿರುವುದು ಗೇಟಿನ ಕಂಬದ ತನಕ ಅಷ್ಟೇ, ಎಂದೆ.
ಅದನ್ನು ಕೇಳಬಾರದು.
ಬೆಟ್ಟಗಳಾಚೆಯ ಒಂದು ವಿಳಾಸಕ್ಕೆ
ಐದು ಸೆಕೆಂಡಿಗೊಮ್ಮೆ ಕೂಗಬೇಕು: ಇದ್ದೀಯಾ?
ಮೂರು ಸಲ ಓಗೊಡದಿದ್ದರೆ ದಾರಿ ಬದಲು.
ತಂತಿ ಕೈಕೊಟ್ಟರೆ ಗಾಳಿ ಕೈಹಿಡಿಯಲಿ.

‘ಮೂರೇಕೆ? ಒಂದು ಸಾಲದೇ?’
ಒಮ್ಮೆ ಕೆಮ್ಮುತ್ತಿರಬಹುದು ಪಾಪ.
ನಕ್ಕಳು. ಚಹಾ ಬಗ್ಗಿಸಿದಳು.

ಫೈಬರಿಗೆ ಒಂದು ಅಂಕಿ, ಸಿಮ್ಮಿಗೆ ಹತ್ತು.
ಕಡಿಮೆಯದು ಮುಂದೆ.
ಮತ್ತೆ, ಫೈಬರಿನ ಕೂಗು ಫೈಬರಿನಲ್ಲೇ ಹೋಗುವಂತೆ ಕಟ್ಟಬೇಕು;
ಇಲ್ಲವಾದರೆ ಸತ್ತ ಅಣ್ಣನ ಪರವಾಗಿ
ತಮ್ಮನೇ ‘ಓ’ ಎಂದಾನು,
ರೌಟರು ನಂಬಿ ಹೆಣದ ಹೆಗಲಿಗೆ ಹೊರೆ ಏರಿಸೀತು.

ಅವಳು ಕೇಳುತ್ತಿದ್ದಳೋ ಇಲ್ಲವೋ.
ಒಲೆಗೆ ಬೆರಣಿ ಒಡ್ಡುತ್ತ ಹೇಳಿದಳು:
ನನ್ನಜ್ಜ ಕಣಿವೆ ದಾಟುವಾಗ ಎರಡು ಕುದುರೆ ಒಯ್ಯುತ್ತಿದ್ದ.
ಒಂದರ ಮೇಲೆ ತಾನು, ಇನ್ನೊಂದರ ಹಗ್ಗ ಕೈಯಲ್ಲಿ.
ಬರಿಬೆನ್ನಿನ ಅದು
ಹುಲ್ಲಿಗೆ ಮಾತ್ರ ಸಮಪಾಲುಗಾರ.
‘ಏರದ ಕುದುರೆ ಕೊಬ್ಬುತ್ತದೆ, ಮಗಾ,
ಭಾರ ಮರೆಯುತ್ತದೆ.
ವಾರಕ್ಕೊಮ್ಮೆ ಅದನ್ನೂ ಏರುತ್ತಿದ್ದ.’

ನನಗಿದು ಹೊಳೆದಿರಲಿಲ್ಲ.
ಬಳಸದ ಸಿಮ್ಮೂ ಮೂರು ತಿಂಗಳಿಗೆ
ಸದ್ದಿಲ್ಲದೆ ಸಾಯುತ್ತದೆ.
ಒಂದು ಹಾಳೆಯಲ್ಲಿ ಬರೆದೆ:
ಪ್ರತಿ ಗುರುವಾರ, ಬೆಳಿಗ್ಗೆ ಎಂಟಕ್ಕೆ, ಹಳದಿ ತಂತಿ ಕೀಳುವುದು.

ಕೀಳಿ, ಈಗಲೇ, ಎಂದೆ.
ನರಿನಿನ ಡಾಕ್ಟರು ತೆರೆಯ ಮೇಲೆ ಹವಾಮಾನ ಬೈಯುತ್ತಿದ್ದರು.
ಅವಳು ಎರಡು ಬೆರಳಲ್ಲಿ ಹಿಡಿದು,
ಹೊಕ್ಕುಳಬಳ್ಳಿ ಹಿಡಿದಷ್ಟೇ ಹುಷಾರಾಗಿ, ಕಿತ್ತಳು.

ಬಾಯಿ ನಿಂತಿತು.
ಅದೇ ಬಾಯಿ.
ಜೂರಾಕಾನಳ ತುಟಿಯೂ ಬಿಳಿಚಿತು.
ಎಣಿಸಿದೆ. ಒಲೆಯಲ್ಲೇನೋ ಸಿಡಿಯಿತು.
ಹದಿನೇಳಕ್ಕೆ ತೆರೆ ಒಮ್ಮೆ ಚೂರುಚೂರಾಗಿ ಕೂಡಿಕೊಂಡು
‘ಇದ್ದೀಯಾ, ಜೂರಾಕಾನ್?’

ಅವಳು ಉತ್ತರಿಸಲಿಲ್ಲ.
‘ಇದ್ದೀಯಾ?’
ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು.
ಮೂರನೆಯದಕ್ಕೆ, ‘ಓ.’

ತಂತಿ ಮತ್ತೆ ಸಿಕ್ಕಿಸಿದರೂ ರೌಟರು ತಕ್ಷಣ ನಂಬಲಿಲ್ಲ;
ಬಂದವನನ್ನು ಒಂದು ನಿಮಿಷ ಹೊಸ್ತಿಲಲ್ಲೇ ನಿಲ್ಲಿಸಿತು.
ಹಾಗೇ ಬರೆದಿದ್ದೆ.

ಗುರುವಾರದ ಹಾಳೆ ಅಂಟಿಸಲು ಗೋಡೆಗೆ ಹೋದೆ.
ಅಲ್ಲಿ ಮೊದಲೇ ಒಂದು ಹಾಳೆ, ಈ ತಿಂಗಳ ಸರದಿ,
ಅವಳದೇ ದುಂಡಕ್ಷರ.
ಪಾಳಿ: ಜೂರಾಕಾನ್.
ಬದಲಿ: ಜೂರಾಕಾನ್.
ಮೂವತ್ತು ಸಾಲೂ ಹಾಗೆಯೇ.

ಏಪ್ರಿಕಾಟು ಮೇಜಿನ ಮೇಲಿಟ್ಟೆ.
ವ್ಯಾನು ಹಾರನ್ ಹೊಡೆಯುತ್ತಿತ್ತು,
ಎರಡು ಸಲ ಆಗಿತ್ತು.