ಘಾಟಿಯ ಮೇಲಿನ ಇಪ್ಪತ್ತನಾಲ್ಕು ಡಾಲರು

ರಟೋನ್ ಊರಿನ ಗ್ರಂಥಾಲಯ, ನೆಲಮಾಳಿಗೆ.
ಫೆಬ್ರವರಿಯ ಶನಿವಾರ ತೆರಿಗೆ ಕಾಗದ ತುಂಬಿಕೊಡುತ್ತೇವೆ, ಪುಕ್ಕಟೆ.
ನನ್ನ ಮೇಜಿಗೆ ಒಂದು ಕಾಲು ಗಿಡ್ಡ,
ಅದರಡಿ ಹೋದ ವರ್ಷದ ನಿಯಮಗಳ ಪುಸ್ತಕ.

ಏಳನೆಯ ಚೀಟಿ: ಎರ್ಲಿಂಡಾ ತ್ರುಹಿಯೊ.
ಡಯಾಲಿಸಿಸ್ ಕೇಂದ್ರದಲ್ಲಿ ಕೆಲಸ.
ಕಂಕುಳಲ್ಲಿ ಬೂಟಿನ ಡಬ್ಬ, ಡಬ್ಬದಲ್ಲಿ ಸಂಬಳದ ರಸೀದಿಗಳು,
ಪ್ಯಾಂಟಿನ ಜೇಬಲ್ಲಿ ಒಗೆತ ಕಂಡು ಬಂದವೂ ಒಂದೆರಡು.
"ಎರಡು ರಾಜ್ಯ" ಅಂದಳು, ತಪ್ಪೊಪ್ಪಿಕೊಳ್ಳುವವಳಂತೆ.
"ಕಂಪನಿ ಒಂದೇ. ಟ್ರಿನಿಡಾಡ್‌ನಲ್ಲೂ ಅವರದೇ, ಇಲ್ಲೂ ಅವರದೇ.
ಆದರೆ ನೋಡಿ, ವರ್ಷದ ದುಡಿಮೆಯನ್ನೆಲ್ಲ
ಕೊಲರಾಡೊಗೇ ಬರೆದುಬಿಟ್ಟಿದ್ದಾರೆ."

ಎಲ್ಲೋ ಒಬ್ಬ ಗುಮಾಸ್ತ, ಒಂದು ಗುಂಡಿ ಒತ್ತಬೇಕಿತ್ತು.
ಒತ್ತಲಿಲ್ಲ.

"ಯಾವತ್ತು ಬಂದಿರಿ ಈ ಕಡೆ?"
"ಏನು ಬಂದದ್ದು?" ಅಂತ ತಿರುಗಿ ಕೇಳಿದಳು.
"ಮೇ ತಿಂಗಳಲ್ಲಿ ಬಾಣಲೆ ಬಂತು, ಚಳಿಯ ಕೋಟು ಬಂತು.
ಜುಲೈಯಲ್ಲಿ ನಾಯಿ.
ಮನಸ್ಸು ಬಂದದ್ದು ಮಾರ್ಚಿ ಒಂಬತ್ತಕ್ಕೇ,
ಡೆಲ್ಬರ್ಟ್ ನನ್ನನ್ನೊಂದು ಮಾತು ಕೇಳದೆ
ಅಡುಗೆಮನೆಗೆ ಹಸಿರು ಬಳಿದ ದಿನ."

ಕಾನೂನು ಮನಸ್ಸನ್ನೂ ಕೇಳುತ್ತದೆ, ನಗಬೇಡಿ.
ಎಲ್ಲಿಗೆ ಮರಳುವ ಇರಾದೆಯೋ ಅದು ಮನೆ ಅನ್ನುತ್ತದೆ.
ಆದರೆ ಬರೀ ಮನಸ್ಸು ಸಾಲದು, ದೇಹವೂ ಹಿಂದೆಯೇ ಬರಬೇಕು
ಬಾಡಿಗೆ ಕರಾರು, ಕರೆಂಟು ಬಿಲ್ಲು ಸಮೇತ.
ನಾಯಿ ಲೆಕ್ಕಕ್ಕಿಲ್ಲ.
"ಹಾಗಾದರೆ ಆಗಸ್ಟು ಹದಿನೇಳು" ಅಂದಳು, "ಬೆಳಿಗ್ಗೆ."

ಸರಿ, ಕೂತೆವು.
ಹದಿನಾರು ರಸೀದಿ ಎಡಕ್ಕೆ, ಒಂಬತ್ತು ಬಲಕ್ಕೆ,
ನಡುವೆ ಒಂದು, ಹನ್ನೊಂದರಿಂದ ಇಪ್ಪತ್ತನಾಲ್ಕರವರೆಗಿನದು,
ಸಾವಿರದ ಎಂಟುನೂರ ಇಪ್ಪತ್ತು.
ಹದಿನಾಲ್ಕು ದಿನಕ್ಕೆ ಭಾಗಿಸಿದರೆ ದಿನಕ್ಕೆ ನೂರ ಮೂವತ್ತು.
ಆರು ದಿನ ಅಲ್ಲಿಗೆ, ಎಂಟು ದಿನ ಇಲ್ಲಿಗೆ.
ಅದರಲ್ಲಿ ಎರಡು ದಿನ ರಜೆ ಹಾಕಿ ರಟ್ಟಿನ ಪೆಟ್ಟಿಗೆ ಕಟ್ಟಿದ್ದಳಂತೆ.
ಪೆಟ್ಟಿಗೆ ಕಟ್ಟಿದ್ದಕ್ಕೂ ಸಂಬಳ, ಅದಕ್ಕೂ ತೆರಿಗೆ.
ಅಲ್ಲಿ ಇಪ್ಪತ್ತೊಂಬತ್ತು ಸಾವಿರದ ಒಂಬೈನೂರು,
ಇಲ್ಲಿ ಹದಿನೇಳು ಸಾವಿರದ ನಾನೂರ ಇಪ್ಪತ್ತು.
ಕೂಡಿದೆ. ಕಂಪನಿಯ ಮೊತ್ತಕ್ಕೆ ಇಪ್ಪತ್ತನಾಲ್ಕು ಕಮ್ಮಿ.

ಮತ್ತೆ ಕೂಡಿದೆ. ಮತ್ತೆ ಇಪ್ಪತ್ತನಾಲ್ಕು.

ಅವಳು ಡಬ್ಬದ ತಳದಿಂದ ಸಣ್ಣ ಚೀಟಿಯೊಂದನ್ನು ತೆಗೆದಳು.
ಹದಿನಾರರ ರಾತ್ರಿ, ಕರೆ ಬಂದರೆ ಓಗೊಡುವ ಪಾಳಿ,
ಗಂಟೆಗೆ ಮೂರರಂತೆ ಎಂಟು ಗಂಟೆ.
ಆ ರಾತ್ರಿ ಬಾಡಿಗೆ ಲಾರಿ ಘಾಟಿಯ ನೆತ್ತಿಯಲ್ಲಿ ಕುದಿದು ನಿಂತಿತ್ತು,
ಸರಿಯಾಗಿ ಗಡಿಯ ಮೇಲೆ:
ಇಂಜಿನ್ನು ನ್ಯೂ ಮೆಕ್ಸಿಕೊದಲ್ಲಿ, ಮಂಚ ಕೊಲರಾಡೊದಲ್ಲಿ.
ಎರಡು ಗಂಟೆಗೆ ಫೋನು.
ಅಗಿಲಾರ್ ಊರಿನ ಮುದುಕ, ಮನೆಯಲ್ಲೇ ಯಂತ್ರ,
ಯಂತ್ರ ಕೂಗುತ್ತಿದೆ, ಅವನೂ.
"ಕೊಳವೆ ಮಡಚಿಕೊಂಡಿದೆಯಾ ನೋಡಿ. ಎಡಗಡೆ. ನಿಧಾನ."
ಅವನು ಕೇಳಿದ: "ಎಲ್ಲಿದ್ದೀಯಮ್ಮ ನೀನು?"
"ಇಲ್ಲೇ ಇದ್ದೇನೆ" ಅಂದಳಂತೆ.
ಯಂತ್ರ ಸುಮ್ಮನಾಗುವವರೆಗೂ ಅದನ್ನೇ ಅಂದಳಂತೆ.

ನಮೂನೆಯಲ್ಲಿ ಎರಡೇ ಕಾಲಮ್ಮು.
ಇಲ್ಲೇ ಅನ್ನುವುದಕ್ಕೆ ಜಾಗವಿಲ್ಲ.
ತೆರಿಗೆಯೇನು ಮಹಾ, ಹೆಚ್ಚೆಂದರೆ ಒಂದು ಡಾಲರು,
ಆದರೂ ಪೆನ್ಸಿಲ್ ಎತ್ತಿದವನು ಹಾಗೇ ಕೂತೆ.
ನಾನು ಈ ಊರು ಬಿಟ್ಟು ಒಂದು ವರ್ಷವೂ ಬೇರೆಡೆ ಇದ್ದವನಲ್ಲ,
ಕಾಗದದ ಪ್ರಕಾರ.

"ಅಲ್ಲಿಗೇ ಹಾಕಿ" ಅಂದಳು. "ಮುದುಕ ಅಲ್ಲಿಯವನು."
ಹಾಕಿದೆ. ಲೆಕ್ಕ ಕೂಡಿತು.

ಸಹಿ ಮಾಡಿ, ಡಬ್ಬಕ್ಕೆ ರಬ್ಬರು ಸುತ್ತಿ,
ಬಾಗಿಲ ತನಕ ಹೋದವಳು ತಿರುಗಿ ಕೇಳಿದಳು:
"ಆ ಹಸಿರು ಬಣ್ಣಕ್ಕೆ ಏನಾದರೂ ವಿನಾಯಿತಿ ಉಂಟೋ?"
ಇಲ್ಲ ಅಂದೆ.
ಎಂಟನೆಯ ಚೀಟಿ ಕೂಗಿದೆ.